ಹತ್ತು ಲಕ್ಷದಲ್ಲಿ ಐದು ಪಾಲು

ಬೆಳಿಗ್ಗೆ ಹತ್ತು ಗಂಟೆಗೆ ಅಳತೆಯ ಯಂತ್ರ ಚಾಡಿ ಹೇಳಿತು: ಹೊಸ ಕನ್ನಡಿ ಬೆಳಕು ನುಂಗುತ್ತಿದೆ, ಹತ್ತು ಲಕ್ಷದಲ್ಲಿ ನಲವತ್ತು ಪಾಲು! ಇಷ್ಟು ದಿನ ಐವತ್ತರೊಳಗಿದ್ದರೆ ಸಾಕಿತ್ತು. ಈ ಸಲದ ಗಿರಾಕಿಯದು ಭಾರಿ ಲೇಸರ್. ಐದು ಮೀರಿದರೆ ಕನ್ನಡಿ ಕಾದು ಬಿರಿಯುತ್ತದೆ.

ಅಳತೆಯಣ್ಣನಿಗೆ ನಂಬಿಕೆ ಬರಲಿಲ್ಲ. ಕೂದಲೆಳೆಗಿಂತ ತೆಳುವಾದ ಪದರಗಳನ್ನು ಮೂರು ವಾರ ಕಾದು ಕೂತು ಆ ಕನ್ನಡಿಗೆ ಹತ್ತಿಸಿದವಳು ಲೇಪನದಕ್ಕ. ಅವಳ ಕೈ ತಪ್ಪುವುದೆಂದರೆ ಸೂರ್ಯ ರಜೆ ಹಾಕಿದ ಹಾಗೆ.

"ಕೆಟ್ಟುಹೋಯ್ತೇನಪ್ಪಾ?" ಅವಳ ದನಿ ಇಳಿದಿತ್ತು.

"ನಿಮ್ಮ ಕೆಲಸ ಕೆಟ್ಟಿಲ್ಲ ಅಕ್ಕಾ. ನನ್ನ ಅಳತೇಲೇ ಏನೋ ಎಡವಟ್ಟಾಗಿದೆ. ಸಂಜೆಯೊಳಗೆ ಹಿಡೀತೀನಿ."

ಸುದ್ದಿಗೆ ಕಾಲು ಬಂತು. "ಧೂಳು ಕಣ್ರೀ!" ಎನ್ನುತ್ತ ಉಗ್ರಾಣದವರು ಬಗ್ಗಿ ಉಫ್ ಎಂದು ಊದಿಯೇಬಿಟ್ಟರು. ಗಾಳಿಗಿಂತ ಎಂಜಲೇ ಹೆಚ್ಚು ಹಾರಿತು. ಕನ್ನಡಿಯನ್ನು ಒರೆಸಿ ಮತ್ತೆ ಕೂರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಗುಮಾಸ್ತರು ಬಂದು ಫ್ಯಾನ್ ಹಾಕಿದರು. ಕಾವಲಿನವರು ಅದನ್ನು ಆರಿಸಿ, ಕಿಟಕಿ ಮುಚ್ಚಿ, ಒಳಗೇ ನಿಂತರು. ಯಂತ್ರ ಅರವತ್ತು ಅಂದಿತು. ಆಮೇಲೆ ತೊಂಬತ್ತು.

ಅಳತೆಯಣ್ಣನಿಗೆ ಥಟ್ಟನೆ ಹೊಳೆಯಿತು. ನುಂಗಿದ ಬೆಳಕಿನಿಂದ ಕನ್ನಡಿ ಎಷ್ಟು ಬಿಸಿಯಾಗುತ್ತದೆಂದು ತಾನೆ ಅವನು ಅಳೆಯುತ್ತಿದ್ದುದು? ಡಿಗ್ರಿಯ ಸಾವಿರದಲ್ಲೊಂದು ಪಾಲು ಏರಿದರೂ ಸಿಕ್ಕಿಬೀಳುವ ಲೆಕ್ಕ. ಅದರ ಸುತ್ತ ಇಷ್ಟೊಂದು ಬೆಚ್ಚನೆಯ ಮೈಗಳು!

"ಎಲ್ಲರೂ ಆಚೆಗೆ ನಡೀರಿ!"

ಕೋಣೆ ಖಾಲಿಯಾಯಿತು. ಯಂತ್ರ ಮತ್ತೆ ನಲವತ್ತಕ್ಕೆ ಬಂದು ಕಚ್ಚಿಕೊಂಡು ಕೂತಿತು. ಉಳಿದಿದ್ದ ಬಿಸಿ ಮೈ ಒಂದೇ, ಅವನದು. ಅವನು ಬಾಗಿಲ ಸಂದಿನಿಂದ ತಂತಿ ಎಳೆದು, ಹೊರಗೆ ನೆಲದ ಮೇಲೆ ಕೂತು, ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಒಂದು ತಾಸು ಅಲುಗಾಡದೆ ಕಾದ.

ಮೂರು!

ಮೊಗಸಾಲೆ ಚಪ್ಪಾಳೆಯಿಂದ ತುಂಬಿತು. ಲೇಪನದಕ್ಕ ಕಣ್ಣೊರೆಸಿಕೊಂಡಳು. "ತಪ್ಪು ನಂದೇ ಅಂತ ಹುಡುಕಿ ಹಿಡಿಯೋ ಅಳತೆಗಾರ ಇನ್ನೆಲ್ಲಿ ಸಿಗ್ತಾನೆ!"

ನಿರ್ದೇಶಕರು ಬೆನ್ನು ತಟ್ಟಿದರು. "ಭೇಷ್ ಕಣಯ್ಯಾ! ಒಂದೇ ಒಂದು ಮಾತು. ಹೋದ ವರ್ಷ ನೀನು ಐವತ್ತು ದಾಟ್ತು ಅಂತ ಉಗ್ರಾಣಕ್ಕೆ ತಳ್ಳಿದೆಯಲ್ಲ, ಮುನ್ನೂರು ಕನ್ನಡಿ... ಅವನ್ನ ಅಳೆಯೋವಾಗ ಎಲ್ಲಿ ಕೂತಿದ್ದೆ?"

ಚಪ್ಪಾಳೆ ನಿಂತಿತು. ಅಳತೆಯಣ್ಣ ಕೋಣೆಯ ಬಾಗಿಲ ಕಡೆ ಕೈ ತೋರಿಸಿದ.

"ಒಳಗೇ, ಸಾರ್."

ಅಷ್ಟರಲ್ಲಿ ಉಗ್ರಾಣದ ಕಡೆಯಿಂದ ತಳ್ಳುಗಾಡಿಯ ಗಾಲಿಗಳು ಕಿರುಗುಟ್ಟುವುದು ಕೇಳಿಸಿತು.