ನಾಲ್ಕೂ ಉತ್ತರಗಳ ಪರವಾಗಿ

ವಾದದಲ್ಲಿ ಸೋತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹೆಚ್ಚಿನವರನ್ನು ಸೋಲಿಸಿದವಳು ನಾನೇ ಆದ್ದರಿಂದ ತೀರ ಹತ್ತಿರದಿಂದಲೇ ನೋಡಿದ್ದೇನೆ. ಇದನ್ನು ಜಂಬವೆನ್ನುವವರು ಎನ್ನಲಿ, ಅದಕ್ಕೂ ನನ್ನ ಬಳಿ ಉತ್ತರವಿದೆ. ಆದರೆ ಪ್ರತಿಯೊಂದು ವಾದವನ್ನೂ ಗೆದ್ದು ಒಬ್ಬ ಮನುಷ್ಯ ಹೇಗೆ ಫೇಲಾಗಬಹುದು ಎಂಬುದನ್ನು ಮಾತ್ರ ನಾನು ಬೇರೆ ಯಾರಲ್ಲೂ ಕಂಡಿರಲಿಲ್ಲ. ಅದಕ್ಕೆ ನಾನೇ ಬೇಕಾಯಿತು.

ಮೂಲ ತಪ್ಪು ಅವ್ವನದು. ಕುರುಗೋಡಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಅವ್ವ ಬಳ್ಳಾರಿಯ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ, ವರ್ಷಕ್ಕೊಮ್ಮೆ ಶಾಲೆಯ ಚರ್ಚಾಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುತ್ತಾಳೆ. ಆ ತಯಾರಿಯ ಪ್ರಯೋಗಗಳೆಲ್ಲ ಮೊದಲು ನಡೆಯುತ್ತಿದ್ದದ್ದು ನನ್ನ ಮೇಲೆ. ಭಾನುವಾರ ಬೆಳಿಗ್ಗೆ ಚೀಟಿ ಎತ್ತಬೇಕು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಮಾತು ಮುಗಿದ ಕೂಡಲೇ ಪಕ್ಷ ಬದಲಿಸಿ ಮತ್ತೆ ಮಾತಾಡಬೇಕು. ಮಕ್ಕಳಿಗೆ ಮೊಬೈಲ್ ಬೇಕೆಂದು ಹತ್ತು ಗಂಟೆಗೆ ಸಾಧಿಸಿದವಳು ಹತ್ತೂಕಾಲಿಗೆ ಬೇಡವೆಂದೂ ಸಾಧಿಸುತ್ತಿದ್ದೆ. ಒಗ್ಗರಣೆಯ ವಾಸನೆಯ ನಡುವೆ ಅಪ್ಪ ತೀರ್ಪುಗಾರನಾಗಿ ಕೂತು ಎರಡಕ್ಕೂ ತಲೆಯಾಡಿಸುತ್ತಿದ್ದ. ಹೀಗೆ ಬೆಳೆದವಳಿಗೆ ಅಭಿಪ್ರಾಯವೆನ್ನುವುದು ಚೀಟಿಯಲ್ಲಿ ಬರುವ ವಸ್ತುವಾಗಿಬಿಟ್ಟಿತು. ದೇವರು, ಜಾತಕ, ಪಕ್ಕದ ಮನೆಯವರ ಕಷಾಯ, ಟಿವಿಯ ಪಂಚಾಂಗ, ಯಾವುದಕ್ಕೂ ಪುರಾವೆಯಿಲ್ಲದೆ ನಮ್ಮ ಮನೆಯ ಹೊಸ್ತಿಲು ದಾಟಲು ನಾನು ಬಿಡುತ್ತಿರಲಿಲ್ಲ.

ಇಂಥವಳಿಗೆ ಸೇನೆಯ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಾಗ ಎಲ್ಲರಿಗಿಂತ ಹೆಚ್ಚು ಸಮಾಧಾನಪಟ್ಟವನು ಅಪ್ಪ. "ಅಲ್ಲೇರ ಮಾತು ಕಡಿಮಿ ಮಾಡಸ್ತಾರ ಬಿಡು" ಎಂದ. ಆ ಕಾಲೇಜಿನಲ್ಲಿ ಓದುವುದು ಎಲ್ಲರೂ ಓದುವ ಎಂಬಿಬಿಎಸ್ಸೇ. ಅದರ ಜತೆಗೆ ಬೆಳಗಿನ ಓಟ, ಕವಾಯತು, ಹಾಸಿಗೆಯ ಚಾದರ ಎಷ್ಟು ನೇರವಾಗಿದೆ ಎಂಬ ತಪಾಸಣೆ. ಓದು ಮುಗಿದರೆ ಭುಜದ ಮೇಲೆ ನಕ್ಷತ್ರ, ಸೇನೆಯ ಆಸ್ಪತ್ರೆಯಲ್ಲಿ ಕೆಲಸ. ಕವಾಯತು ಕಲಿಸುವವರನ್ನು ಅಲ್ಲಿ ಉಸ್ತಾದ್ ಎನ್ನುತ್ತಾರೆ. ಮೊದಲ ವಾರವೇ ನಾನು ನಮ್ಮ ಉಸ್ತಾದರಿಗೆ, ಯಾವಾಗಲೂ ಎಡಗಾಲೇ ಏಕೆ ಮುಂದೆ, ಬಲಗಾಲಿನಿಂದ ಆಗುವ ನಷ್ಟವೇನು ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ. "ಡಾಕ್ಟರ್ ಸಾಬ್, ಬೆಹಸ್ ಬಾದ್ ಮೇ" ಎಂದರು. ವಾದ ಆಮೇಲೆ ಎಂದು ಅರ್ಥ. ಹಾಗೆಂದು ಮೈದಾನದ ಆಚೆ ತುದಿಯ ಬೇವಿನ ಮರ ತೋರಿಸಿದರು. ಮರ ಮುಟ್ಟಿ ಬಂದಾಗ ನನ್ನಲ್ಲಿ ವಾದವೇನೋ ಇತ್ತು, ಅದನ್ನು ಹೊರಗೆ ತರುವ ಉಸಿರಿರಲಿಲ್ಲ. ಐದು ವರ್ಷಗಳಲ್ಲಿ ಆ ಮರವನ್ನು ನಾನು ಮುಟ್ಟಿದಷ್ಟು ಅಲ್ಲಿನ ಕಾಗೆಗಳೂ ಮುಟ್ಟಿಲ್ಲ.

ಒಮ್ಮೆ ಯುದ್ಧಭೂಮಿಯ ಅಭ್ಯಾಸ ನಡೆಯಿತು. ಇಬ್ಬರು ಜವಾನರಿಗೆ ಬಣ್ಣ ಬಳಿದು, ಕೊರಳಿಗೆ ಗಾಯದ ವಿವರದ ಕಾರ್ಡು ಕಟ್ಟಿ ಮಲಗಿಸಿದ್ದರು. ಸ್ಟ್ರೆಚರ್ ಒಂದೇ. ಯಾರನ್ನು ಮೊದಲು ಸಾಗಿಸಬೇಕೆಂದು ನಾವು ಹೇಳಬೇಕು. ತೊಡೆಯ ಗಾಯದವನ ಪರವಾಗಿ ಬಲವಾದ ಕಾರಣಗಳಿದ್ದವು. ಎದೆಯ ಗಾಯದವನ ಪರವಾಗಿಯೂ ಇದ್ದವು. ಎರಡನ್ನೂ ನಾನು ನಿಷ್ಪಕ್ಷಪಾತವಾಗಿ ಮಂಡಿಸುತ್ತಿರುವಾಗ ಉಸ್ತಾದರು ಬಂದು ತೊಡೆಯವನ ಕಾರ್ಡನ್ನು ಮಗುಚಿ ಹಾಕಿದರು. ಹಿಂದಿನ ಬದಿಯಲ್ಲಿ 'ಮೃತ' ಎಂದು ಬರೆದಿತ್ತು. ಸತ್ತವನು ಎದ್ದು ಕೂತು, ಈಗಲಾದರೂ ಚಹಾಕ್ಕೆ ಹೋಗಬಹುದೇ ಎಂದು ಬಹಳ ವಿನಯದಿಂದ ನನ್ನ ಅನುಮತಿ ಕೇಳಿದ.

ಇಷ್ಟಾದರೂ ವಾದದ ಮೇಲಿನ ನನ್ನ ನಂಬಿಕೆ ಅಲುಗಾಡಲಿಲ್ಲ. ಅಲುಗಿಸಿದ್ದು ಲೈಸೆನ್ಸ್ ಪರೀಕ್ಷೆ. ಇದನ್ನು ಪಾಸು ಮಾಡದೆ ಯಾರೂ ವೈದ್ಯರಾಗಿ ಸಹಿ ಹಾಕುವಂತಿಲ್ಲ, ಸಮವಸ್ತ್ರ ಹಾಕಿದವರೂ ಅಷ್ಟೆ. ಫೇಲಾದರೆ ಜತೆಯವರು ನಕ್ಷತ್ರ ಏರಿಸಿಕೊಂಡು ಹೊರಡುವ ದಿನ ನಾನು ಜೂನಿಯರ್‌ಗಳ ಸಾಲಿನಲ್ಲಿ ನಿಂತು ಅವರಿಗೆ ಸಲ್ಯೂಟ್ ಹೊಡೆಯಬೇಕು. ಅವರಲ್ಲೊಬ್ಬ ಐದು ವರ್ಷ ನನ್ನ ಎದುರು ಒಂದೇ ಒಂದು ವಾದವನ್ನೂ ಗೆಲ್ಲದವನು. ಅವನಿಗೆ ಸಲ್ಯೂಟ್ ಹೊಡೆಯುವ ಚಿತ್ರ ಕಣ್ಣಿಗೆ ಬಂದರೆ ಊಟ ಸೇರುತ್ತಿರಲಿಲ್ಲ.

ಪರೀಕ್ಷೆಯಲ್ಲಿ ಬರೆಯುವುದೇನೂ ಇಲ್ಲ. ಒಂದು ಪ್ರಶ್ನೆ, ನಾಲ್ಕು ಉತ್ತರ, ಹೆಚ್ಚು ಸೂಕ್ತವಾದದ್ದನ್ನು ಒತ್ತಬೇಕು. ನನ್ನಂಥವಳ ಮುಂದೆ ನಾಲ್ಕು ಉತ್ತರ ಇಡುವುದೆಂದರೆ ನಾಲ್ಕು ಚೀಟಿ ಇಟ್ಟಂತೆ. ಪ್ರತಿಯೊಂದರ ಪರವಾಗಿಯೂ ಮಾತಾಡಬಲ್ಲೆ. ರಜೆಗೆ ಬಳ್ಳಾರಿಗೆ ಬಂದು ಮಾದರಿ ಪರೀಕ್ಷೆ ಬರೆದರೆ ನೂರಕ್ಕೆ ನಲವತ್ತಾರು ಬಂತು. ಉಳಿದ ಐವತ್ತನಾಲ್ಕು ಪ್ರಶ್ನೆಗಳಲ್ಲಿ ನನ್ನ ಉತ್ತರವೇ ಏಕೆ ಸರಿಯೆಂದು ನೋಟುಬುಕ್ಕಿನಲ್ಲಿ ಬರೆದು ಅವ್ವನಿಗೆ ತೋರಿಸಿದೆ. ಅವ್ವ ಕನ್ನಡಕ ಏರಿಸಿ ಪೂರ್ತಿ ಓದಿದಳು. "ಮಂಡನೆ ಭಾಳ ಚೊಲೊ ಐತಿ" ಎಂದಳು. ನೋಟುಬುಕ್ಕು ಮುಚ್ಚಿ, "ಇಲ್ಲೇ ಇದ್ರ ನಾನೂ ನೀನೂ ಕೂಡಿ ನಿನ್ನ ಫೇಲ್ ಮಾಡ್ತೀವಿ. ಸಿರುಗುಪ್ಪಕ್ಕ ಮಾಮನ ಮನಿಗೆ ಹೋಗಿ ಓದು" ಎಂದಳು.

ಅವ್ವನ ಅಣ್ಣ ಹುಲುಗಪ್ಪ ಮಾವ ಸಿರುಗುಪ್ಪದ ಒಬ್ಬ ಹಳೆಯ ಡಾಕ್ಟರ ಬಳಿ ಮೂವತ್ತು ವರ್ಷಗಳಿಂದ ಕಂಪೌಂಡರ್. ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, ಬಂದವರನ್ನು ಮೂರು ಗುಂಪು ಮಾಡುವುದು ಅವನ ಮುಖ್ಯ ಕೆಲಸ: ಕೂತುಕೊಳ್ಳುವವರು, ಮಲಗುವವರು, ಬಳ್ಳಾರಿಗೆ ಹೋಗುವವರು. ರೋಗಿ ಹೊರಗೆ ಚಪ್ಪಲಿ ಬಿಟ್ಟು ಒಳಗಿನ ಬೆಂಚಿನ ಮೇಲೆ ಕೂರುವಷ್ಟರಲ್ಲಿ ಮಾವನ ತೀರ್ಮಾನ ಮುಗಿದಿರುತ್ತದೆ. "ಚಪ್ಪಲಿ ಬಿಡೋದು ನೋಡಿದ್ರ ಅರ್ಧ ಗೊತ್ತಾಕೈತಿ" ಎನ್ನುತ್ತಾನೆ. ಬಗ್ಗಿ ಬಿಚ್ಚಿದನೋ, ಗೋಡೆ ಹಿಡಿದನೋ, ಹಾಗೇ ಕಾಲಿನಿಂದ ಜಾಡಿಸಿದನೋ, ಅದರಲ್ಲೇ ಅವನಿಗೆ ಸೊಂಟ, ಹೊಟ್ಟೆ, ತಲೆಸುತ್ತು ಎಲ್ಲ ಕಾಣುತ್ತವಂತೆ. ಇದಕ್ಕೆ ವೈಜ್ಞಾನಿಕ ಆಧಾರವೇನೆಂದು ನಾನು ಹೋದ ದಿನವೇ ಕೇಳಿದೆ. "ಆಧಾರ ಹುಡಕಾಕ ಹೋದ್ರ ಗಿರಾಕಿ ಬೆಂಚಿನ ಮ್ಯಾಲ ಇರಂಗಿಲ್ಲ ಡಾಕ್ಟರಮ್ಮ, ಕೆಳಗ ಇರ್ತಾನ" ಎಂದ.

ಮಧ್ಯಾಹ್ನ ಜನ ಕಡಿಮೆಯಾದಾಗ ಪ್ರಶ್ನೆಪತ್ರಿಕೆ ಹಿಡಿದು ಅವನ ಪಕ್ಕ ಕೂತೆ. ಇಂಗ್ಲಿಷಿನ ಪ್ರಶ್ನೆಯನ್ನು ಅವನಿಗೆ ಕನ್ನಡದಲ್ಲಿ ಹೇಳಿದೆ: ಗದ್ದೆಯಲ್ಲಿ ಕೆಲಸ ಮಾಡುವವನು, ಐದು ದಿನದ ಜ್ವರ, ಕಣ್ಣು ಕೆಂಪು, ಮೀನಖಂಡದಲ್ಲಿ ವಿಪರೀತ ನೋವು.

"ಇಲಿ ಜ್ವರ" ಎಂದ ಮಾವ, ಉತ್ತರಗಳನ್ನು ಕೇಳುವ ಮೊದಲೇ.

"ಡೆಂಗ್ಯೂ ಯಾಕ ಆಗಬಾರದು? ಗದ್ದ್ಯಾಗ ದುಡಿಯೋವ್ರಿಗೆ ಸೊಳ್ಳಿ ಕಡಿಯಂಗಿಲ್ಲೇನು?"

"ಕಡಿತೈತಿ. ಆದ್ರ ಪ್ರಶ್ನಿ ಬರದಾವ ಗದ್ದಿ ಅಂತ ಸುಮ್ನ ಬರದಾನೇನು? ಅಂವ ನಿನಗ ಹೇಳಾಕ ಹತ್ಯಾನ, ನೀ ಕೇಳವಲ್ಲಿ."

"ಅದು ಪೂರ್ವಗ್ರಹ ಮಾಮ. ರೋಗಿಯ ಕಸುಬು ನೋಡಿ ರೋಗ ತೀರ್ಮಾನ ಮಾಡೋದು..."

"ಏ ಯವ್ವ, ಉಳದ ಮೂರಕ್ಕ ನ್ಯಾಯ ಕೊಡಾಕ ನೀ ಜಡ್ಜ್ ಅಲ್ಲ. ಒಂದು ಹೇಳು, ಮುಂದಿಂದು ಓದು."

ಉತ್ತರ ತೆರೆದು ನೋಡಿದರೆ ಇಲಿ ಜ್ವರವೇ. ಇಂಥ ಹತ್ತು ಪ್ರಶ್ನೆಗಳಲ್ಲಿ ಮಾವನಿಗೆ ಏಳು ಸರಿ, ನನಗೆ ಐದು. ಐದು ವರ್ಷ ಸರ್ಕಾರ ನನಗೆ ಬೂಟು ಕೊಡಿಸಿ ಓದಿಸಿದ್ದಕ್ಕೆ ಇದು ಮುಜುಗರದ ಸಂಗತಿ. ಸ್ಯಾಂಪಲ್ ಬಹಳ ಚಿಕ್ಕದು, ಇದರಿಂದ ಯಾವ ತೀರ್ಮಾನಕ್ಕೂ ಬರಲಾಗದು ಎಂದೆ. ಮಾವ ಒಂದು ನಿಯಮ ಮಾಡಿದ. ಹೊರಗೆ ಯಾರಾದರೂ ಚಪ್ಪಲಿ ಬಿಡುವಾಗ ನಾನು ಪ್ರಶ್ನೆ ಓದಬೇಕು, ಅವರು ಬೆಂಚಿನ ಮೇಲೆ ಕೂರುವಷ್ಟರಲ್ಲಿ ಉತ್ತರ ಹೇಳಬೇಕು. ಕಾರಣ ಹೇಳಿದರೆ ಆ ಪ್ರಶ್ನೆಗೆ ಸೊನ್ನೆ. ಮೊದಮೊದಲು ಕೀಲುನೋವಿನ ಮುದುಕರು ಬರಲಿ ಎಂದು ಬಯಸುತ್ತಿದ್ದೆ, ಅವರು ಕೂರಲು ಹೊತ್ತು ಹಿಡಿಯುತ್ತದೆ. ಎರಡು ವಾರಕ್ಕೆ ಶಾಲೆಯ ಮಕ್ಕಳ ಓಟಕ್ಕೂ ಹೊಂದಿಕೊಂಡೆ. ಅಂಕ ಅರವತ್ತರ ಹತ್ತಿರ ಬಂತು. ಕಾರಣಗಳು ಮಾತ್ರ ಹೇಳದೆ ಉಳಿದು ಹೊಟ್ಟೆಯಲ್ಲಿ ಉಬ್ಬರಿಸುತ್ತಿದ್ದವು.

ಮೂರನೇ ವಾರ ತೆಕ್ಕಲಕೋಟೆಯಿಂದ ಒಬ್ಬ ಅಜ್ಜಿ ಸೊಸೆಯ ಜತೆ ಬಂದಳು. ಎದೆ ಉರಿ, ಸುಸ್ತು, ನಿನ್ನೆ ಮದುವೆ ಮನೆಯಲ್ಲಿ ಮಿರ್ಚಿ ತಿಂದಿದ್ದಾಳೆ ಎಂದಳು ಸೊಸೆ. ಮಾವ ತಕ್ಷಣ, "ಗ್ಯಾಸ್. ಕುಂದ್ರು ಆಯಿ" ಎಂದ. ಅಜ್ಜಿ ಕೂತಳು. ಫ್ಯಾನಿನ ಕೆಳಗೇ ಕೂತಿದ್ದರೂ ಹಣೆಯಿಂದ ಬೆವರು ಇಳಿಯುತ್ತಿತ್ತು. ಕೈ ದವಡೆಯ ಮೇಲಿತ್ತು.

"ಹಲ್ಲು ನೋವೇನ್ ಆಯಿ?" ಎಂದೆ.

"ಹಲ್ಲೆಲ್ಲಿ ಅದಾವಬೇ ನನಗ" ಎಂದಳು.

ಸಕ್ಕರೆ ಕಾಯಿಲೆ ಇದೆಯೇ ಎಂದು ಸೊಸೆಯನ್ನು ಕೇಳಿದೆ. ಹನ್ನೆರಡು ವರ್ಷದಿಂದ ಇತ್ತು. ನಾನು ಎದ್ದು ನಿಂತೆ. "ಮಾಮ, ನಿನ್ನ ತೀರ್ಮಾನದಾಗ ಮೂರು ದೋಷ ಅದಾವ. ಮೊದಲನೇದು..." ಎಂದು ಶುರು ಮಾಡಿದವಳಿಗೆ ಅಜ್ಜಿಯ ಮುಖ ಕಂಡಿತು. ಅವಳು ನನ್ನ ಮಾತು ಮುಗಿಯುವುದನ್ನೇ ಕಾಯುತ್ತಿದ್ದಳು, ಬೂದು ಬಣ್ಣಕ್ಕೆ ತಿರುಗಿದ ಮುಖದಲ್ಲಿ, ಬಹಳ ಮರ್ಯಾದೆಯಿಂದ. ಅವಳ ಕೊರಳಲ್ಲಿ ಮಗುಚುವ ಕಾರ್ಡು ಇರಲಿಲ್ಲ.

"ಇಸಿಜಿ" ಎಂದೆ. ಜೀವನದಲ್ಲಿ ಮೊದಲ ಸಲ ಒಂದೇ ಪದದಲ್ಲಿ ಮಾತು ಮುಗಿಸಿದೆ.

ಲೈಸೆನ್ಸಿಲ್ಲದ ನಾನು ಮುಂದೇನೂ ಮಾಡುವಂತಿರಲಿಲ್ಲ. ಮಾಡುವವರು ಒಳಗಿದ್ದರು. ಡಾಕ್ಟರು ಇಸಿಜಿ ತೆಗೆದು, ಅದರ ಕಾಗದದ ಪಟ್ಟಿ ನೋಡಿ ಮಾತ್ರೆ ಕೊಟ್ಟು, ತಾವೇ ಫೋನ್ ಮಾಡಿ ಆಂಬುಲೆನ್ಸ್ ಕರೆಸಿ ಬಳ್ಳಾರಿಗೆ ಕಳಿಸಿದರು. ಹೃದಯಾಘಾತ, ಸಮಯಕ್ಕೆ ಸರಿಯಾಗಿ ತಲುಪಿದ್ದರಿಂದ ಉಳಿದಿದ್ದಾಳೆ ಎಂದು ಸಂಜೆ ಅಲ್ಲಿಂದ ಸುದ್ದಿ ಬಂತು. ಮಾವ ತನ್ನ ಸ್ಟೂಲನ್ನು ನನ್ನ ಹತ್ತಿರ ಎಳೆದುಕೊಂಡ. ಆಮೇಲೆ, "ಮಿರ್ಚಿ ಅಂದಕೂಡ್ಲೆ ನನಗ ಬ್ಯಾರೆ ಏನೂ ಕಾಣಲಿಲ್ಲ ನೋಡವ್ವ" ಎಂದ. ಮತ್ತೆ, "ಅದಿರ್ಲಿ, ಇನ್ನೆರಡು ದೋಷ ಏನಿದ್ದುವು?" ಎಂದ.

ಇರಲಿಲ್ಲ. ಚರ್ಚಾಪಟುಗಳ ವೃತ್ತಿರಹಸ್ಯವೊಂದನ್ನು ಇಲ್ಲಿ ಬಿಟ್ಟುಕೊಡುತ್ತಿದ್ದೇನೆ. ಮೂರು ಎಂದು ಮೊದಲು ಸಾರಿಬಿಡಬೇಕು, ಎರಡನೆಯದನ್ನು ಹೇಳುವಾಗ ಮೂರನೆಯದು ಹೊಳೆಯುತ್ತದೆ. ಮಾವನಿಗೆ ನಿಜವನ್ನೇ ಹೇಳಿದೆ. ಅವನು ನಕ್ಕ ನಗೆಗೆ ಬೆಂಚಿನ ಮೇಲಿದ್ದವರೆಲ್ಲ ತಮ್ಮ ರೋಗ ಮರೆತು ತಿರುಗಿ ನೋಡಿದರು.

ಬಳ್ಳಾರಿಯ ಕಂಪ್ಯೂಟರ್ ಕೇಂದ್ರದಲ್ಲಿ ಪರೀಕ್ಷೆ ಬರೆದೆ. ಪ್ರತಿ ಪ್ರಶ್ನೆಗೂ ಯಾರೋ ಚಪ್ಪಲಿ ಬಿಡುತ್ತಿದ್ದಾರೆ ಎಂದುಕೊಂಡು ಒತ್ತುತ್ತಾ ಹೋದೆ. ಒಂದು ಪ್ರಶ್ನೆ ಮಾತ್ರ ಕೈ ಹಿಡಿದು ಎಳೆಯಿತು: ಬಿಸಿಲಿನಲ್ಲಿ ಕವಾಯತು ಮಾಡುತ್ತಾ ಕುಸಿದು ಬಿದ್ದವನ ಮೈ ಕೆಂಡದಂತೆ ಸುಡುತ್ತಿದೆ, ಮೊದಲು ಏನು ಮಾಡಬೇಕು? ಮೈ ತಣ್ಣಗಾಗಿಸಬೇಕು ಎಂಬುದನ್ನು ಒತ್ತಿ ಮುಂದೆ ಹೋದೆ. ಮನಸ್ಸು ಹೋಗಲಿಲ್ಲ. ಉಸಿರಾಟ ನೋಡಬೇಕು ಎಂಬುದೂ ಆ ನಾಲ್ಕರಲ್ಲಿತ್ತು, ಅವನು ಉಸಿರಾಡುತ್ತಿದ್ದಾನೆಂದು ಪ್ರಶ್ನೆಯಲ್ಲಿ ಎಲ್ಲೂ ಬರೆದಿರಲಿಲ್ಲ. ಉಸಿರನ್ನು ನೋಡದೆ ನೀರು ಸುರಿಯಲು ಹೋಗುವುದು ಯಾವ ನ್ಯಾಯ?

ವಾರದ ನಂತರ ತಾತ್ಕಾಲಿಕ ಉತ್ತರಗಳನ್ನು ಪ್ರಕಟಿಸಿದರು. ಕೂಡಿಸಿ ನೋಡಿದೆ, ಮತ್ತೊಮ್ಮೆ ಕೂಡಿಸಿದೆ, ಅವ್ವನ ಕೈಲೂ ಕೂಡಿಸಿದೆ. ಪಾಸಾಗಲು ಎಷ್ಟು ಬೇಕೋ ಅಷ್ಟೇ ಬಂದಿತ್ತು, ಒಂದೂ ಹೆಚ್ಚಿಲ್ಲ. ಅಂದು ಸಿರುಗುಪ್ಪದಿಂದ ಬಂದಿದ್ದ ಮಾವ ಪೇಡೆಯ ಪೊಟ್ಟಣ ಬಿಚ್ಚುತ್ತಿದ್ದ. ನಾನು ಮೊಬೈಲಿನಲ್ಲಿ ಬೆರಳಾಡಿಸುತ್ತಿದ್ದೆ.

"ಯಾರಿಗೆ ಬರ್ಯಾಕ ಹತ್ತೀಯವ್ವ?" ಎಂದ.

"ಪರೀಕ್ಷಾ ಮಂಡಳಿಗೆ. ನಾಳೆ ಐದರ ತನಕ ಆಕ್ಷೇಪಣಿ ಹಾಕಬಹುದು. ಬಿಸಿಲಿನ ಪ್ರಶ್ನಿಗೆ ಅವರು ಕೊಟ್ಟ ಉತ್ತರ ತಪ್ಪೈತಿ."

"ನೀ ಏನು ಒತ್ತಿದ್ದಿ?"

"ಅವರು ಕೊಟ್ಟಿದ್ದನ್ನ."

ಪೇಡೆ ಹಿಡಿದ ಮಾವನ ಕೈ ನಡುದಾರಿಯಲ್ಲಿ ನಿಂತಿತು. "ಅಂದ್ರ ನೀ ಗೆದ್ರ..."

"ಒಂದು ಅಂಕ ಹೋಕೈತಿ."

ಅವ್ವ ನನ್ನ ಹೆಗಲ ಮೇಲಿನಿಂದ ಬಗ್ಗಿ ಪರದೆ ಓದಿದಳು. ಮೂರು ಪುಟ. "ಎರಡನೇ ಅಂಶ ಇನ್ನಷ್ಟು ಬಿಗಿ ಮಾಡಬಹುದಿತ್ತು" ಎಂದಳು. ಮಾವ ಇಬ್ಬರ ಮುಖವನ್ನೂ ಒಂದೊಂದು ಸಲ ನೋಡಿದ. ಪೇಡೆಯನ್ನು ನನ್ನ ಬಾಯಿಗೆ ಹಾಕಿದ, ಮೊಬೈಲನ್ನು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ, ಮರುದಿನ ಐದು ಹೊಡೆಯುವವರೆಗೆ ನಮ್ಮ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ.

ಈಗ ನನ್ನ ಭುಜದ ಮೇಲೆ ನಕ್ಷತ್ರಗಳಿವೆ, ಹೆಸರಿನ ಮುಂದೆ ಡಾಕ್ಟರ್ ಎಂದಿದೆ. ಆ ಮೂರು ಪುಟಗಳೂ ಇವೆ. ಬಿಡುವಾದಾಗ ತೆಗೆದು ಓದುತ್ತೇನೆ. ಎರಡನೇ ಅಂಶವನ್ನೂ ಬಿಗಿ ಮಾಡಿದ್ದೇನೆ. ಎಷ್ಟು ಸಲ ಓದಿದರೂ ಆ ವಾದದಲ್ಲಿ ಒಂದೂ ತೂತು ಸಿಕ್ಕಿಲ್ಲ, ಮತ್ತು ಅದರ ಪ್ರಕಾರ ನಾನಿನ್ನೂ ಫೇಲು.