ಬರ್ತೀನಿ ಅಂದ ರಾಜ

ಕವಲೇದುರ್ಗದ ಬಾಗಿಲಲ್ಲಿ ವೈರಿಗಳು ನಿಂತು ಹತ್ತೊಂಬತ್ತು ದಿನವಾಗಿತ್ತು. ಬಾಗಿಲು ತೆರೆಯಬೇಕಾದ ರಾಜ ‘ಬರ್ತೀನಿ’ ಎಂದು ಬರೆದವನು ಬಂದೇ ಇರಲಿಲ್ಲ.

ಈ ಕೋಟೆ ಇದ್ದದ್ದು ಹೇರಂಬನ ಫೋನಿನಲ್ಲಿ. ಹೊಸನಗರದ ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪು ಮಾಡುವ ಅವನು ವಾಟ್ಸಾಪಿನಲ್ಲಿ ಎಂಟು ಜನರ ಗುಂಪು ಕಟ್ಟಿ ಆಟ ಹೂಡಿದ್ದ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಸರದಿ ಬಂದಾಗ ಪಾತ್ರವೇ ಆಗಿ ಬರೆಯಬೇಕು. ಒಬ್ಬರು ಬರೆಯದೆ ಮುಂದಿನವರು ಕಥೆ ಮುಂದುವರಿಸುವಂತಿಲ್ಲ. ಈ ನಿಯಮ ಮಾಡಿದವನೂ ಅವನೇ. ದಿನವಿಡೀ ಪರರ ವಿನಂತಿಗಳನ್ನೇ ಕುಟ್ಟುವ ಬೆರಳುಗಳಿಗೆ ಸ್ವಂತದ್ದೆಂದು ಇದ್ದದ್ದು ಅದೊಂದೇ.

ಬೆಳಿಗ್ಗೆ ರಾಣಿಯ ಫೋನ್ ಬಂತು. ರಾಣಿಯೆಂದರೆ ಸಾಗರದ ಅಂಗನವಾಡಿ ಟೀಚರ್ ಯಶೋಧಾ.

“ಹೇರಂಬಣ್ಣ, ಸಂಜೆ ಒಳಗೆ ರಾಜ ಬರ್ಲಿಲ್ಲ ಅಂದ್ರೆ ನಾವೆಲ್ಲ ಗುಂಪು ಬಿಡ್ತೀವಿ. ನಿಂತೂ ನಿಂತೂ ವೈರಿಗಳಿಗೇ ಕಾಲು ನೋವು ಬಂದಿದೆ.”

ರಾಜ ಪುಷ್ಪರಾಜ್ ಫೋನ್ ಎತ್ತುವವನಲ್ಲ. ಹೇರಂಬ ಮಾಲೀಕ ಗೋಪಾಲಪ್ಪನವರ ಮುಂದೆ ನಿಂತು ರಜೆ ಕೇಳಿದ.

“ಎಂತಕ್ಕೆ?”

“ತೀರ್ಥಹಳ್ಳೀಲಿ ರಾಜನ್ನ ನೋಡ್ಬೇಕು.”

ಬೆಂಚಿನಲ್ಲಿ ಕಾಯುತ್ತಿದ್ದ ದುರ್ಗಮ್ಮ ಎದ್ದೇಬಿಟ್ಟಳು. “ಹಂಗಾರೆ ನನ್ನ ಅರ್ಜೀನೂ ಅವ್ರಿಗೇ ಕೊಡೋ ತಮ್ಮಾ. ಇಲ್ಲಿ ಯಾರೂ ಓದ್ತಾ ಇಲ್ಲ.”

ತೀರ್ಥಹಳ್ಳಿಯ ಪಾತ್ರೆ ಅಂಗಡಿಯಲ್ಲಿ ರಾಜ, ದೊಡ್ಡ ಮುಚ್ಚಳವೊಂದನ್ನು ಗುರಾಣಿಯಂತೆ ಹಿಡಿದು ಒರೆಸುತ್ತಿದ್ದ.

“ಕೋಟೆ ಬಾಗ್ಲಿಗೆ ಬರ್ತೀನಿ ಅಂದಿದ್ಯಲ್ಲೋ ಮಾರಾಯ!”

“ಬಾಗ್ಲಿಗಲ್ಲ, ಆಟ ಬಿಟ್ಟು ಹೊರಟಿದ್ದು. ಹೊರಡೋವಾಗ ಯಾರಾದ್ರೂ ಹೋಗ್ತೀನಿ ಅಂತಾರೇನೋ? ಬರ್ತೀನಿ ಅಂತ್ಲೇ ಅಲ್ವಾ ಅನ್ನೋದು?”

ಏಳು ಜನ ಹತ್ತೊಂಬತ್ತು ದಿನ ಒಬ್ಬನ ಮರ್ಯಾದೆಯ ಮಾತನ್ನು ನಂಬಿ ಕಾದು ಕೂತಿದ್ದರು.

“ಯಾಕೆ ಬಿಟ್ಟೆ?”

“ನಾನು ಪುಟಗಟ್ಟಲೆ ಬರೀತಿದ್ದೆ. ನೀವೆಲ್ಲ ಹೆಬ್ಬೆರಳಿನ ಚಿತ್ರ ಹಾಕಿ ಸುಮ್ನಾಗ್ತಿದ್ರಿ. ಹೆಬ್ಬೆರಳಿಗೆ ಎಂತ ಉತ್ತರ ಬರೀಲಿ?”

ಎರಡು ಲೋಟ ಚಹಾದ ನಂತರ ರಾಜ ಕರಗಿದ. “ಆಯ್ತು ಬಿಡು, ಸಂಜೆ ಬಾಗ್ಲು ತೆಗೀತೀನಿ.”

ಯುದ್ಧ ಗೆದ್ದವನಂತೆ ಹೇರಂಬ ಬಸ್ಸು ಹತ್ತಿದ. ಗುಂಪಿಗೆ ಎಲ್ಲವನ್ನೂ ತಿಳಿಸೋಣವೆಂದರೆ ಫೋನು ಕೊನೆಯುಸಿರು ಎಳೆಯುತ್ತಿತ್ತು. ಅವಸರದಲ್ಲಿ ರಾಜನ ಪರವಾಗಿ ಒಂದೇ ಒಂದು ಪದ ಹಾಕಿದ. ಪರದೆ ಕಪ್ಪಾಯಿತು.

ಅಂಗಡಿಗೆ ಮರಳಿ ಚಾರ್ಜಿಗೆ ಹಾಕಿ ನೋಡಿದರೆ ಯಶೋಧಾ ಬರೆದಿದ್ದಳು: ‘ರಾಜನ ಹಾಗೇ ನೀವೂ ಹೊರಟ್ರಾ ಹೇರಂಬಣ್ಣ? ಒಳ್ಳೇದಾಗ್ಲಿ.’ ಅದರ ಕೆಳಗೆ ಸೇನಾಪತಿ: ‘ಆಟ ಕಟ್ಟಿದವ್ರೇ ಹೋದ್ಮೇಲೆ ನಮಗೆಂತ?’ ಆಮೇಲೆ, ರಾಜನೊಬ್ಬನನ್ನು ಬಿಟ್ಟು ಉಳಿದ ಆರೂ ಜನ ಒಬ್ಬರ ಹಿಂದೆ ಒಬ್ಬರು ಗುಂಪು ಬಿಟ್ಟಿದ್ದರು.

ಇವೆಲ್ಲದರ ಮೇಲೆ ಅವನದೇ ಪದ ಕೂತಿತ್ತು: ‘ಬರ್ತೀನಿ.’

ಆಗಲೇ ಫೋನು ಟಿಣ್ ಎಂದಿತು. ರಾಜ ಮಾತಿಗೆ ತಪ್ಪಿರಲಿಲ್ಲ. ‘ಮಹಾದ್ವಾರ ತೆರೆದಿದ್ದೇವೆ! ಯಾರಲ್ಲಿ?’

“ರಾಜ ಬಂದ್ನೇನೋ?” ಗೋಪಾಲಪ್ಪ ಕೇಳಿದರು.

“ಬಂದ.”

ನಿಯಮದಂತೆ ಮುಂದಿನ ಸರದಿ ರಾಣಿಯದು. ಹೇರಂಬ ಕಥೆ ಮುಂದುವರಿಸುವಂತಿರಲಿಲ್ಲ. ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದ. ಆಮೇಲೆ ಒಂದು ಹೆಬ್ಬೆರಳು ಹಾಕಿದ.