ಅಡುಗೆಮನೆ ಗೋಡೆಗೆ ಬಂದ ಆಪತ್ತು

ಮನೆ ಕಟ್ಟಲು ಇಟ್ಟಿಗೆ, ಸಿಮೆಂಟಿಗಿಂತ ಮೊದಲು ಬೇಕಾಗುವುದು ಖಾಲಿ ಜಾಗ ಎಂದರೆ ನೀವು ನಗಬಹುದು. ಸೈಟು ನಿಮ್ಮದೇ ಆದರೂ ಇಷ್ಟು ಮುಂದೆ ಬಿಡಿ, ಇಷ್ಟು ಪಕ್ಕದಲ್ಲಿ ಬಿಡಿ ಎಂದು ಕಾಯ್ದೆ ಹೇಳುತ್ತದೆ. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ಕೇಶ್ವಾಪುರದಲ್ಲಿ ಕಲಿತವರು ಮಲಗುವ ಎಷ್ಟೋ ಮನೆಗಳನ್ನು ಕಟ್ಟಿದ ಗೌಂಡಿ. ಹೋಗುವಾಗ ಬರುವಾಗ 'ಇದು ನಂದು, ಅದು ನಂದು' ಎಂದು ಬೆರಳು ಮಾಡಿ ತೋರಿಸುತ್ತೇನೆ. ಹೊಸಬರು ನನ್ನನ್ನು ದೊಡ್ಡ ಶ್ರೀಮಂತನೆಂದುಕೊಂಡು ಚಹಾ ಕುಡಿಸುತ್ತಾರೆ. ನಿಜಕ್ಕೂ ನನ್ನದಾದ ಮನೆ ಒಂದೇ. ಅದನ್ನು ಅಳೆಯಲು ಪಾಲಿಕೆ ಕಚೇರಿಯ ಸಾಹೇಬರು ಬಂದರು.

ಕಂಪೌಂಡ್ ಗೋಡೆಯ ಮೊಳೆಗೆ ಟೇಪಿನ ತುದಿ ಸಿಕ್ಕಿಸಿ, ನಮ್ಮ ಅಡುಗೆಮನೆಯ ಗೋಡೆಯವರೆಗೆ ಎಳೆದು, ತುಟಿ ಕಚ್ಚಿದರು.

"ಒಂದು ಮೀಟರ್ ಇರಬೇಕಿತ್ರಿ ಮಿಸ್ತ್ರಿ. ನಾಲ್ಕ ಬೆರಳ ಕಡಿಮಿ ಐತಿ. ಗ್ವಾಡಿ ಹಿಂದ ಸರಸಬೇಕಾಗತೈತಿ."

"ಸರಸಾಕ ಅದೇನ ಕಪಾಟೇನ್ರಿ ಸಾಹೇಬ್ರ?" ಎಂದೆ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಕಿಟಕಿಯಲ್ಲಿ ನನ್ನ ಹೆಂಡತಿ ಮಹಾದೇವಿಯ ಮುಖ ಮೂಡಿತು. "ಊರ ಮಂದೀಗೆಲ್ಲಾ ಅಳತಿ ಹೇಳವ್ರು. ಈಗ ಹೇಳ್ರಿ!"

ನನ್ನ ಅಳತೆಯ ಮೇಲೆ ನನಗೇ ಅನುಮಾನ ಬಂತು. ನಮ್ಮ ಕೆಲಸದಲ್ಲಿ ಟೇಪಿನ ತುದಿಯನ್ನು ಯಾರೂ ನಂಬುವುದಿಲ್ಲ. ಒಂದು ಫೂಟಿನ ಗೆರೆಗೆ ಹಿಡಿದು ಅಳೆದು, ಆಮೇಲೆ ಆ ಒಂದು ಫೂಟು ಕಳೆಯಬೇಕು. ಹಸನ್‌ಸಾಬ ಮಿಸ್ತ್ರಿ ಕಲಿಸಿದ ಪಾಠವಿದು. ಗರಗ ಎಂಬ ಊರಿನಲ್ಲಿ ಒಮ್ಮೆ ಕಳೆಯುವುದನ್ನು ಮರೆತು ಕೊಟ್ಟಿಗೆಯ ಬಾಗಿಲನ್ನು ಒಂದು ಫೂಟು ಗಿಡ್ಡ ಮಾಡಿದ್ದೆ. ಆ ಮನೆಯ ಯಜಮಾನರು ಇವತ್ತಿಗೂ ದನಗಳಿಗೆ ತಲೆಬಾಗಿಯೇ ಒಳಗೆ ಹೋಗುತ್ತಾರೆ. ಸ್ವಂತ ಮನೆಯಲ್ಲೂ ಅಂಥದೇ ಘಾತ ಮಾಡಿಕೊಂಡೆನೇ?

ಹಾಗೆ ಯೋಚಿಸುತ್ತಲೇ ಸಾಹೇಬರ ಟೇಪಿನ ತುದಿ ನೋಡಿದೆ. ಉಂಗುರ ಎಂದೋ ಕಿತ್ತುಹೋಗಿ, ಅದರ ಜಾಗದಲ್ಲಿ ಯಾರೋ ದಾರದ ಕುಣಿಕೆ ಕಟ್ಟಿದ್ದರು. ಮೊಳೆಗೆ ಸಿಕ್ಕಿದ್ದು ಆ ಕುಣಿಕೆ!

"ಸಾಹೇಬ್ರ, ನಿಮ್ಮ ಸೊನ್ನಿ ಎಲ್ಲೈತ್ರಿ?"

"ಎಲ್ಲಿರತೈತಿ? ಗ್ವಾಡಿಗೇ ಐತಿ."

"ಗ್ವಾಡಿಗಿ ಐತಿ ದಾರ. ಸೊನ್ನಿ ಆರ ಬೆರಳ ಈಚೆ ಜೋತಾಡಾಕತ್ತೈತಿ. ಸಾಲ್ಯಾಗ ನನಗ ಭಾಳ ಸಲ ಸಿಕ್ಕೈತ್ರಿ, ದೂರದಿಂದನ ಗುರ್ತ ಹಿಡಿತೇನಿ."

ಸಾಹೇಬರು ಸಜ್ಜನರು, ನಕ್ಕುಬಿಟ್ಟರು. ದಾರ ಬಿಚ್ಚಿ, ಗೆರೆಗೆ ಹಿಡಿದು, ಹಸನ್‌ಸಾಬರ ಪದ್ಧತಿಯಲ್ಲೇ ಮತ್ತೊಮ್ಮೆ ಅಳೆದೆವು. ಒಂದು ಫೂಟು ಕಳೆದ ಲೆಕ್ಕವನ್ನು ನಾನು ಎರಡು ಸಲ ನೋಡಿದೆ. ಒಂದು ಮೀಟರ್, ಮೇಲೆ ಎರಡು ಬೆರಳು!

"ಏನ್ರಿ ಮಿಸ್ತ್ರಿ, ಕಾಯ್ದೆ ಕೇಳಿದ್ದಕ್ಕಿಂತ ಎರಡ ಬೆರಳ ಜಾಸ್ತಿನ ಬಿಟ್ಟೀರಿ!" ಎಂದು ಸಾಹೇಬರು ಸಹಿ ಹಾಕಿದರು.

"ಇರ್ಲಿ ತಗೋರಿ, ಸರಕಾರಕ್ಕ ನಮ್ಮ ಕಡಿಂದ!" ಎಂದೆ, ಕಂಪೌಂಡಿನಾಚೆಯ ನೆರೆಯವರಿಗೂ ಕೇಳುವಷ್ಟು ಜೋರಾಗಿ.

ಅಷ್ಟು ಜೋರಾಗಿ ಹೇಳಬಾರದಿತ್ತು. ಸಾಹೇಬರು ಹೋದ ಮೇಲೆ ಮಹಾದೇವಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ರೀ, ಅಡಗಿಮನ್ಯಾಗ ಫ್ರಿಜ್ ಕೂಡಾಕ ಎಷ್ಟ ಕಡಿಮಿ ಬಿದ್ದಿತ್ತು?"

ನಾನು ಆಕಾಶ ನೋಡಿದೆ.

"ಎರಡ ಬೆರಳ! 'ನಾ ಏನ ಮಾಡ್ಲಿ, ಕಾಯ್ದೆ ಬಿಡವಲ್ದು' ಅಂದಿದ್ರಿ. ಸರಕಾರಕ್ಕ ದಾನಾ ಮಾಡೀರಲ್ಲ, ದಾನಶೂರ!"

ಗೋಡೆ ಉಳಿಯಿತು, ಮಾನವೂ ಉಳಿಯಿತು. ಓಣಿಯವರು ಈಗ ನನ್ನನ್ನು 'ಸಾಹೇಬರಿಗೇ ಅಳತೆ ಹೇಳಿದ ಮಿಸ್ತ್ರಿ' ಎನ್ನುತ್ತಾರೆ. ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು, ಬಂದವರಿಗೆಲ್ಲ ಈ ಕಥೆಯನ್ನು ಎದೆಯುಬ್ಬಿಸಿ ಹೇಳುತ್ತೇನೆ. ನಡುವೆ ಮಹಾದೇವಿ ಮೊಸರಿಗೆಂದು ಬಂದಾಗ ಮಾತ್ರ ಎದ್ದು ಕುರ್ಚಿ ಸರಿಸಿಕೊಡುತ್ತೇನೆ. ಇಲ್ಲದಿದ್ದರೆ ಫ್ರಿಜ್ಜಿನ ಬಾಗಿಲು ತೆರೆಯುವುದಿಲ್ಲ.